ಬಸಿರಿಗೂ ಮೊದಲು, ಬಾಣಂತನದ ಆಚೆಗೂ

75 ಗ್ರಾಂ ಗ್ಲೂಕೋಸ್ ಪುಡಿ, ಸುಮಾರು 300 ಮಿಲಿ ನೀರು, ಒಂದು ಗ್ಲೂಕೋಮೀಟರ್, ಎರಡು ಗಂಟೆ ಹೊತ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಆಗಲಿ, ಬಸುರಿಯೊಬ್ಬಳು ಮೊದಲ ಸಲ ಬಂದಾಗ ಶುಗರ್ ಪರೀಕ್ಷೆಗೆ ಬೇಕಾಗುವುದು ಇಷ್ಟೇ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂಬ ನಿಯಮವಿಲ್ಲ. ಐದು ಹತ್ತು ನಿಮಿಷದಲ್ಲಿ ಆ ಸಿಹಿನೀರನ್ನು ಕುಡಿದು ಮುಗಿಸಬೇಕು. ಮೂರನೇ ತಿಂಗಳ ಓಕರಿಕೆಯಲ್ಲಿ ಅದು ಸುಲಭವಲ್ಲ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಕುಡಿಯಬೇಕು. ಎರಡು ಗಂಟೆಯ ಬಳಿಕ ಸಕ್ಕರೆ 140 ಮಿಲಿಗ್ರಾಂ ಮುಟ್ಟಿದ್ದರೆ ಗರ್ಭಾವಸ್ಥೆಯ ಮಧುಮೇಹ ಎಂದು ಬರೆದುಕೊಳ್ಳುತ್ತಾರೆ. ಮೊದಲ ಸಲ ಕಡಿಮೆಯಿದ್ದರೆ 24ರಿಂದ 28ನೇ ವಾರದ ನಡುವೆ ಇನ್ನೊಮ್ಮೆ.

ಇಲ್ಲಿಗೆ ಬರಲು ವೈದ್ಯಕೀಯಕ್ಕೆ ಹತ್ತಿರ ಹತ್ತಿರ ಎರಡು ಶತಮಾನ ಹಿಡಿಯಿತು. 1824ರಲ್ಲಿ ಬರ್ಲಿನ್‌ನ ಹೈನ್ರಿಕ್ ಬೆನ್ನೆವಿಟ್ಜ್ ಒಬ್ಬ ಬಸುರಿಯ ಕಥೆ ದಾಖಲಿಸಿದ: ತೀರದ ಬಾಯಾರಿಕೆ, ಸಕ್ಕರೆ ತುಂಬಿದ ಮೂತ್ರ, ಹೆರಿಗೆಯಲ್ಲೇ ತೀರಿಕೊಂಡ ಭಾರೀ ತೂಕದ ಮಗು. 1882ರಲ್ಲಿ ಲಂಡನ್ನಿನ ಮ್ಯಾಥ್ಯೂಸ್ ಡಂಕನ್ ಇಂಥ ಪ್ರಕರಣಗಳನ್ನು ಕಲೆಹಾಕಿದಾಗ ಅದರಲ್ಲಿ ತಾಯಂದಿರ ಸಾವೂ ಶಿಶುಗಳ ಸಾವೂ ತುಂಬಿದ್ದವು. 1922ರಲ್ಲಿ ಇನ್ಸುಲಿನ್ ಬಳಕೆಗೆ ಬಂತು, ತಾಯಂದಿರು ಉಳಿದರು. ಮಕ್ಕಳು ಉಳಿಯಲಿಲ್ಲ, ದಿನ ತುಂಬುವ ಹೊತ್ತಿಗೆ ಹೊಟ್ಟೆಯಲ್ಲೇ ಸಾಯುತ್ತಿದ್ದವು. ಬಾಸ್ಟನ್‌ನ ಜೋಸ್ಲಿನ್ ಕ್ಲಿನಿಕ್‌ನಲ್ಲಿ ಪ್ರಿಸಿಲ್ಲಾ ವೈಟ್ ದಶಕಗಳ ಕಾಲ ಈ ತಾಯಂದಿರ ಜೊತೆ ದುಡಿದು, ಕಾಯಿಲೆ ಯಾವ ವಯಸ್ಸಿಗೆ ಬಂತು, ಎಷ್ಟು ವರ್ಷವಾಯಿತು, ರಕ್ತನಾಳ ಎಷ್ಟು ಕೆಟ್ಟಿದೆ ಎಂಬುದರ ಮೇಲೆ ಅಪಾಯ ಅಳೆಯುವ ವರ್ಗೀಕರಣವನ್ನು 1949ರಲ್ಲಿ ಕೊಟ್ಟರು.

ತಾಯಿಯ ಸಕ್ಕರೆ ಮಗುವಿಗೆ ಏನು ಮಾಡುತ್ತದೆ ಎಂಬುದಕ್ಕೆ ಉತ್ತರ 1952ರಲ್ಲಿ ಕೋಪನ್‌ಹೇಗನ್‌ನ ಯೋರ್ಗನ್ ಪೆಡರ್ಸನ್ ಅವರಿಂದ ಬಂತು. ತಾಯಿಯ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಬಂದ ಸಕ್ಕರೆಯನ್ನು ಅರಗಿಸಲು ಮಗುವಿನ ಮೇದೋಜೀರಕ ಗ್ರಂಥಿಯೇ ವಿಪರೀತ ಇನ್ಸುಲಿನ್ ಸುರಿಸುತ್ತದೆ, ಮಗು ಕೊಬ್ಬಿ ದಪ್ಪಗಾಗುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಸಕ್ಕರೆಯ ಹರಿವು ನಿಂತು, ಇನ್ಸುಲಿನ್ ಮಾತ್ರ ಉಳಿದು, ಕೂಸಿನ ರಕ್ತದ ಸಕ್ಕರೆ ಕುಸಿಯುತ್ತದೆ. ನಾಲ್ಕು ಕೆಜಿಯ ಕೂಸನ್ನು ನೋಡಿ ಮನೆಯವರೆಲ್ಲ ಹಿಗ್ಗುವ ಹೊತ್ತಿನಲ್ಲಿ ಒಳ್ಳೆಯ ದಾದಿ ಅದರ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡುವುದು ಇದಕ್ಕಾಗಿ.

ಇಷ್ಟೆಲ್ಲ ಬಹುಮಟ್ಟಿಗೆ ಮೊದಲೇ ಕಾಯಿಲೆಯಿದ್ದ ತಾಯಂದಿರ ಮಾತು. ಬಸಿರಲ್ಲಿ ಹೊಸದಾಗಿ ಬರುವ ಸಕ್ಕರೆಗೆ ಗಡಿ ಹಾಕಿದ್ದು 1964ರಲ್ಲಿ ಬಾಸ್ಟನ್‌ನ ಓಸಲಿವನ್ ಮತ್ತು ಮಹಾನ್. ಅವರ ಗಡಿ ತಾಯಿಗೆ ಮುಂದೆ ಮಧುಮೇಹ ಬರುವುದೇ ಎಂಬುದನ್ನು ಆಧರಿಸಿತ್ತು, ಮಗುವಿನ ಲೆಕ್ಕ ಅದರಲ್ಲಿರಲಿಲ್ಲ. ಆ ಲೆಕ್ಕ ಸಿಕ್ಕಿದ್ದು 2008ರಲ್ಲಿ, ಒಂಬತ್ತು ದೇಶಗಳ ಸುಮಾರು 25,000 ಬಸುರಿಯರ ಹ್ಯಾಪೋ ಅಧ್ಯಯನದಿಂದ: ಸಕ್ಕರೆ ಏರಿದಷ್ಟೂ ಅಪಾಯ ಏರುತ್ತ ಹೋಗುತ್ತದೆ, ಇಲ್ಲಿಯವರೆಗೆ ಕ್ಷೇಮ ಎನ್ನುವ ಗೆರೆ ಕಾಣುವುದಿಲ್ಲ. ಆ ಒಂಬತ್ತರಲ್ಲಿ ಭಾರತ ಇರಲಿಲ್ಲ.

ನಮ್ಮ ಕಡೆಯ ಉತ್ತರ ಚೆನ್ನೈನಿಂದ ಬಂತು. ಮಧುಮೇಹ ತಜ್ಞ ವಿ. ಶೇಷಯ್ಯ ಮತ್ತು ಅವರ ಡಿಪ್ಸಿ (ಬಸಿರಿನ ಮಧುಮೇಹದ ಅಧ್ಯಯನ) ಬಳಗ ಕೇಳಿದ್ದು ಬಸ್ಸು ಹಿಡಿದು ಬರುವ ಹೆಂಗಸಿನ ಪ್ರಶ್ನೆ: ನಾಳೆ ಖಾಲಿ ಹೊಟ್ಟೆಯಲ್ಲಿ ಬಾ ಎಂದರೆ ಆಕೆ ಬರುತ್ತಾಳೆಯೇ? ಸಾತನೂರಿನ ಆಚೆಯ ಹಳ್ಳಿಯಿಂದ ಕನಕಪುರಕ್ಕೆ ಬರಬೇಕಾದವಳು ಬಹುಶಃ ಬರಲಾರಳು. ಹಾಗಾಗಿ ಉಂಡಿದ್ದರೂ ಸರಿ, ಬಂದ ದಿನವೇ ಒಂದೇ ಪರೀಕ್ಷೆ. ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿ ಇದನ್ನೇ ಒಪ್ಪಿಕೊಂಡಿತು. ಆಕ್ಷೇಪಗಳೂ ಇವೆ: ಅದೇ ವರ್ಷ ಚೆನ್ನೈನಲ್ಲೇ ವಿ. ಮೋಹನ್ ಅವರ ತಂಡ ಉಪವಾಸದ ಪರೀಕ್ಷೆಯೊಂದಿಗೆ ಹೋಲಿಸಿ, ಉಂಡು ಬಂದವರ ಪರೀಕ್ಷೆಯಲ್ಲಿ ಬಹಳಷ್ಟು ಮಂದಿ ತಪ್ಪಿಹೋಗುತ್ತಾರೆಂದು ತೋರಿಸಿತು. ನಾನು ಈ ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಆದರೂ ನಡೆಯದೇ ಉಳಿಯುವ ನಿಖರ ಪರೀಕ್ಷೆಗಿಂತ ನಡೆಯುವ ಪರೀಕ್ಷೆಯೇ ಹಳ್ಳಿಗೆ ಬೇಕು. ಇಷ್ಟು ಮಾತ್ರ: 24ನೇ ವಾರದ ನಂತರದ ಎರಡನೇ ಸುತ್ತನ್ನು ಯಾವ ಕಾರಣಕ್ಕೂ ಬಿಡಬಾರದು.

ಕರ್ನಾಟಕದ ದೊಡ್ಡ ಕೊಡುಗೆ ಮೈಸೂರಿನದು. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಕೂಸುಗಳ ತೂಕ, ಉದ್ದ ಬರೆದಿಟ್ಟಿತ್ತು. ಆ ಹಳೆಯ ದಾಖಲೆಗಳನ್ನು ಹಿಡಿದು ಕ್ಯಾರೋಲಿನ್ ಫಾಲ್ ತಂಡ, ಹುಟ್ಟಿದಾಗ ಗಿಡ್ಡಗೆ ದುಂಡಗಿದ್ದವರಿಗೆ ನಡುವಯಸ್ಸಿನಲ್ಲಿ ಮಧುಮೇಹ ಹೆಚ್ಚು ಎಂದು 1998ರಲ್ಲಿ ವರದಿ ಮಾಡಿತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಪಾರ್ಥೆನಾನ್ ಅಧ್ಯಯನ ಆರಂಭವಾದಾಗ ಪರೀಕ್ಷಿಸಿದ ಬಸುರಿಯರಲ್ಲಿ ಶೇಕಡಾ 6ರಷ್ಟು ಮಂದಿಯಲ್ಲಿ ಸಕ್ಕರೆ ಕಾಯಿಲೆ ಕಂಡಿತು. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ತಾಯಂದಿರನ್ನೂ ಮಕ್ಕಳನ್ನೂ ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದರು. ಐದು ವರ್ಷ ಕಳೆಯುವಷ್ಟರಲ್ಲಿ, ಬಸಿರಲ್ಲಿ ಸಕ್ಕರೆಯಿದ್ದ ತಾಯಂದಿರಲ್ಲಿ ಶೇಕಡಾ 37 ಮಂದಿಗೆ ಮಧುಮೇಹ ಬಂದಿತ್ತು. ಇಲ್ಲದವರಲ್ಲಿ ಶೇಕಡಾ 2. ಸಕ್ಕರೆಯಿದ್ದವರ ಹೆಣ್ಣುಮಕ್ಕಳ ಮೈಯಲ್ಲೂ ಕೊಬ್ಬು ಹೆಚ್ಚಿತ್ತು. ಹೆರಿಗೆಯಾದರೆ ಹೋಗುತ್ತೆ ಬಿಡಿ ಎಂದು ಸಮಾಧಾನ ಹೇಳುವವರು ಈ ಎರಡು ಅಂಕಿಗಳನ್ನು ಓದಬೇಕು. 2016ರಿಂದ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಗಿರಿಧರ ಬಾಬು ಮುನ್ನಡೆಸಿದ 'ಮಾಸ್ತಿ' ಅಧ್ಯಯನವೂ ಇದೇ ಜಾಡಿನದು.

ಚಿಕಿತ್ಸೆಯ ಮೊದಲ ಹೆಜ್ಜೆ ಊಟ. ಎರಡು ವಾರ ಊಟ ತಿದ್ದಿ ನೋಡುತ್ತಾರೆ. ಉಂಡ ಎರಡು ಗಂಟೆಗೆ ಸಕ್ಕರೆ 120ಕ್ಕಿಂತ ಕೆಳಗೆ ಬಾರದಿದ್ದರೆ ಇನ್ಸುಲಿನ್, ಅಥವಾ 20ನೇ ವಾರದ ನಂತರ ಮೆಟ್‌ಫಾರ್ಮಿನ್. ಕೊಡುವ ಊಟದ ಚೀಟಿ ಮಾತ್ರ ರಾಮನಗರದ ಸೀಮೆಯ ಅಡುಗೆಮನೆಯನ್ನು ನೋಡಿ ಬರೆದದ್ದಾಗಿರಬೇಕು. ಮುದ್ದೆ ಉಂಡರೆ ಶುಗರ್ ಏರಲ್ಲ ಎಂಬ ನಂಬಿಕೆ ಇಲ್ಲಿ ಗಟ್ಟಿ. ರಾಗಿಯಲ್ಲಿ ನಾರಿದೆ, ಕ್ಯಾಲ್ಸಿಯಂ ಧಾರಾಳವಾಗಿದೆ, ನಿಜ. ಆದರೆ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವೂ ಇದೆ. ಮುದ್ದೆ ಚಿಕ್ಕದಾಗಲಿ, ಬಸ್ಸಾರಿನ ಕಾಳು, ಸೊಪ್ಪಿನ ಪಲ್ಯ ತಟ್ಟೆಯಲ್ಲಿ ಹೆಚ್ಚಾಗಲಿ, ಒಂದು ಮೊಟ್ಟೆ ಸೇರಲಿ. ಬಿಡದಿಯ ತಟ್ಟೆ ಇಡ್ಲಿ ಒಂದಕ್ಕೆ ನಿಲ್ಲಲಿ. ಮಾವಿನ ಕಾಲದಲ್ಲಿ ಈ ತಾಲ್ಲೂಕುಗಳಲ್ಲಿ ಹಣ್ಣು ಬೇಡ ಎಂದರೆ ಯಾರೂ ಕೇಳರು. ಊಟದ ಮೇಲೆ ತಿನ್ನದೆ ನಡುಹೊತ್ತಿನಲ್ಲಿ ಎರಡು ಹೋಳು ಎಂದರೆ ಕೇಳಿಯಾರು. ಇನ್ನು ರೇಷ್ಮೆ ಮನೆ. ನಾಲ್ಕನೇ ಜ್ವರ ಎದ್ದ (ಕೊನೆಯ ಸಲ ಪೊರೆ ಬಿಟ್ಟ) ಹುಳುವಿಗೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು, ಹಣ್ಣಾದರೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಆ ವಾರದಲ್ಲಿ ಮನೆಯ ಹೆಂಗಸು ಹೊತ್ತಿಗೆ ಸರಿಯಾಗಿ ಉಣ್ಣುವುದೇ ಇಲ್ಲ. ಇನ್ಸುಲಿನ್ ತೆಗೆದುಕೊಳ್ಳುವ ಬಸುರಿಗೆ ಇದು ನೇರ ಅಪಾಯ. ಸೂಜಿ ಕೊಡುವ ಮೊದಲು ಮನೆಯಲ್ಲಿ ಹುಳು ಇದೆಯೇ ಎಂದು ವೈದ್ಯರು ಕೇಳಬೇಕು.

ಈಚಿನ ವರ್ಷಗಳಲ್ಲಿ ಈ ಶಾಸ್ತ್ರದ ನೋಟ ಬಸಿರಿನ ಆರಂಭಕ್ಕೆ, ಅದಕ್ಕೂ ಹಿಂದಕ್ಕೆ ಸರಿಯುತ್ತಿದೆ. 2023ರಲ್ಲಿ ಪ್ರಕಟವಾದ, ಭಾರತವೂ ಭಾಗವಹಿಸಿದ ಟೊಬಾಗಮ್ ಪ್ರಯೋಗ, ಅಪಾಯವಿರುವ ಬಸುರಿಯರಿಗೆ 20ನೇ ವಾರಕ್ಕೂ ಮುಂಚೆ ಚಿಕಿತ್ಸೆ ಶುರುಮಾಡಿದರೆ ನವಜಾತ ಶಿಶುಗಳ ತೊಂದರೆ ಸ್ವಲ್ಪ ತಗ್ಗುತ್ತದೆಂದು ಕಂಡುಕೊಂಡಿತು. ಮೊದಲೇ ಮಧುಮೇಹವಿದ್ದವಳಿಗೆ ಅದೂ ತಡ. ಮಗುವಿನ ಬೆನ್ನುಹುರಿಯ ನಾಳ ಗರ್ಭ ನಿಂತ ನಾಲ್ಕು ವಾರದೊಳಗೆ ಮುಚ್ಚಿಕೊಳ್ಳುತ್ತದೆ, ಎಂಟು ವಾರದೊಳಗೆ ಹೃದಯ ರೂಪುಗೊಂಡಿರುತ್ತದೆ. ಮುಟ್ಟು ನಿಂತಿತೆಂದು ಆಶಾ ಕಾರ್ಯಕರ್ತೆಗೆ ತಿಳಿಯುವ ಹೊತ್ತಿಗೆ ಆ ಕೆಲಸ ಹೆಚ್ಚುಕಮ್ಮಿ ಮುಗಿದಿರುತ್ತದೆ. ಬಸಿರಿಗೆ ಮೊದಲೇ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 6.5ಕ್ಕಿಂತ ಕೆಳಗಿಳಿಯಬೇಕು, ಫೋಲಿಕ್ ಆಸಿಡ್ ಶುರುವಾಗಬೇಕು, ಕೊಲೆಸ್ಟರಾಲ್ ಮತ್ತು ಬಿಪಿಯ ಕೆಲವು ಮಾತ್ರೆಗಳು ಬದಲಾಗಬೇಕು, ಕಣ್ಣು, ಮೂತ್ರಪಿಂಡದ ತಪಾಸಣೆ ಆಗಬೇಕು. ನಮ್ಮ ವ್ಯವಸ್ಥೆ ನಿಂತಿರುವುದು ಬೇರೆ ಕಡೆ. ತಾಯಿ ಕಾರ್ಡ್ ಬಸಿರಾದ ಮೇಲೆ ಸಿಗುತ್ತದೆ. ಸರ್ಕಾರದ ಬಿಪಿ, ಶುಗರ್ ತಪಾಸಣೆ 30 ವರ್ಷ ದಾಟಿದವರಿಗೆ. ಹಳ್ಳಿಯ ಬಹುಪಾಲು ಹೆಣ್ಣುಮಕ್ಕಳ ಹೆರಿಗೆಗಳು ಅಷ್ಟರಲ್ಲಿ ಆಗಿಹೋಗಿರುತ್ತವೆ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಅರ್ಹ ದಂಪತಿಗಳ ಪಟ್ಟಿ ಈಗಾಗಲೇ ಇದೆ. ಹೊಸ ಸೊಸೆ ಬಂದ ಮನೆಯಲ್ಲಿ ಒಂದು ಬೆರಳ ತುದಿಯ ರಕ್ತ ನೋಡಲು ಆ ಪಟ್ಟಿ ಸಾಕು.

ಹೆರಿಗೆಯ ನಂತರದ ಪರೀಕ್ಷೆಯೂ ಹೀಗೇ ಕೈತಪ್ಪುತ್ತದೆ. ಆರು ವಾರಕ್ಕೆ ಮತ್ತೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಆಗಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಆ ಹೊತ್ತಿಗೆ ಬಾಣಂತಿ ತವರಿನಲ್ಲಿರುತ್ತಾಳೆ. ಬಸಿರಲ್ಲಿ ನೋಡಿಕೊಂಡವರು ಚನ್ನಪಟ್ಟಣದವರು, ತವರು ಮಾಗಡಿಯ ಕುದೂರಿನ ಕಡೆ. ಅಲ್ಲಿನ ಎಎನ್‌ಎಂಗೆ ಇವಳಿಗೆ ಸಕ್ಕರೆ ಇತ್ತೆಂಬುದೇ ತಿಳಿಯದು. ಆದರೆ ಒಂದೂವರೆ ತಿಂಗಳಿಗೆ ಮಗುವಿನ ಲಸಿಕೆ ಇದೆ, ಅದನ್ನು ಈ ಸೀಮೆಯ ತಾಯಂದಿರು ಸುಮ್ಮನೆ ತಪ್ಪಿಸುವುದಿಲ್ಲ. ತಾಯಿ ಕಾರ್ಡಿನ ಮೇಲೆ ಎದ್ದುಕಾಣುವಂತೆ ಶುಗರ್ ಎಂದು ಬರೆದಿದ್ದರೆ, ಮಗುವಿಗೆ ಸೂಜಿ ಹಾಕಿಸಲು ಬಂದ ದಿನವೇ ತಾಯಿಯ ಪರೀಕ್ಷೆಯೂ ಮುಗಿಯುತ್ತದೆ. ಫಲಿತಾಂಶ ಸರಿಯಾಗಿ ಬಂದವಳಿಗೂ ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಬೇಕು, ಮುಂದಿನ ಬಸಿರಿಗೆ ಮನಸ್ಸು ಮಾಡುವ ಮೊದಲು ಇನ್ನೊಂದು.