ಮನಸ್ಸಿಗೆ ಮದ್ದು ಕೊಡುವವರು: ಓದು, ತರಬೇತಿ, ನೋಂದಣಿ

ಕಾಲು ಮುರಿದರೆ ಯಾರ ಬಳಿ ಹೋಗಬೇಕೆಂಬುದು ನಮಗೆಲ್ಲ ಗೊತ್ತು. ಮೂಳೆ ಡಾಕ್ಟರ ಫಲಕದಲ್ಲಿ ಅವರ ಪದವಿ ಇರುತ್ತದೆ, ವೈದ್ಯಕೀಯ ಮಂಡಳಿಯಲ್ಲಿ ಅವರ ಹೆಸರು ಇರುತ್ತದೆ. ಮನಸ್ಸು ಕುಗ್ಗಿದಾಗ? ಬೀದಿಯ ತಿರುವಿನಲ್ಲಿ ‘ಕೌನ್ಸೆಲಿಂಗ್ ಸೆಂಟರ್’ ಎಂಬ ಫಲಕ ಕಾಣುತ್ತದೆ. ಒಳಗೆ ಕುಳಿತವರು ಏನು ಓದಿದ್ದಾರೆ, ಯಾರ ಕೈಕೆಳಗೆ ಪಳಗಿದ್ದಾರೆ, ತಪ್ಪು ಸಲಹೆ ಕೊಟ್ಟರೆ ಯಾರಿಗೆ ಉತ್ತರ ಹೇಳಬೇಕು ಎಂಬುದು ಆ ಫಲಕದಿಂದ ತಿಳಿಯುವುದಿಲ್ಲ. ಈ ಪ್ರಶ್ನೆಗೆ ನಮ್ಮ ದೇಶ ಉತ್ತರ ಹುಡುಕಲು ತೊಡಗಿ ಏಳು ದಶಕಗಳಾದವು. ಉತ್ತರ ಇನ್ನೂ ಪೂರ್ತಿಯಾಗಿಲ್ಲ.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಮನೋವೈದ್ಯರು ವೈದ್ಯಕೀಯ ಓದಿದವರು, ಔಷಧ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಪರೀಕ್ಷೆಗಳ ಮೂಲಕ ಮನಸ್ಸನ್ನು ಅಳೆದು, ಮಾತಿನ ಮೂಲಕ ಚಿಕಿತ್ಸೆ ನೀಡುವವರು. ಮನೋವೈದ್ಯಕೀಯ ಸಮಾಜಕಾರ್ಯಕರ್ತರು ರೋಗಿಯ ಮನೆ, ಸಂಸಾರ, ಕೆಲಸ, ನೆರೆಹೊರೆ ಇವುಗಳನ್ನು ಸೇರಿಸಿಕೊಂಡು ಚಿಕಿತ್ಸೆ ನಡೆಸುವವರು. ನಮ್ಮ ಸ್ಟುಡಿಯೋಗೆ ದೂರವಾಣಿ ಮಾಡುವ ವೀಕ್ಷಕರು ಈ ಮೂವರನ್ನೂ ‘ಡಾಕ್ಟರೇ’ ಎಂದೇ ಕರೆಯುತ್ತಾರೆ. ಪರದೆಯ ಮೇಲೆ ಅತಿಥಿಯ ಹೆಸರಿನ ಕೆಳಗೆ ಯಾವ ಪದ ಹಾಕಬೇಕೆಂದು ನಾವು ಎರಡು ಬಾರಿ ವಿಚಾರಿಸುವುದು ಇದಕ್ಕಾಗಿಯೇ.

ನಮ್ಮ ನಾಡಿನಲ್ಲಿ ಈ ಕಥೆ ಆಸ್ಪತ್ರೆಗಿಂತ ಮೊದಲು ಕಾಲೇಜಿನಲ್ಲಿ ಶುರುವಾಯಿತು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಮನಶ್ಶಾಸ್ತ್ರ ವಿಭಾಗವನ್ನು ತೆರೆಯಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅದರ ನೇತೃತ್ವ ವಹಿಸಿದರು. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ನಡೆಸಿದರು, ಅದು ‘ಆಕಾಶವಾಣಿ’ ಎಂದು ಹೆಸರಾಯಿತು. ಪ್ರಸಾರದ ವೃತ್ತಿಯಲ್ಲಿರುವ ನಮಗೆ ಮನಶ್ಶಾಸ್ತ್ರದ ಮೇಷ್ಟ್ರೊಬ್ಬರು ಹಿರಿಯಣ್ಣನಾಗಿರುವುದು ಸಂತೋಷದ ಸಂಗತಿ. ಇತ್ತ ಉತ್ತರ ಕರ್ನಾಟಕದಲ್ಲಿ ವಿ.ವಿ. ಕಾಮತರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದೇಶದ ಅನೇಕ ಆಸ್ಪತ್ರೆಗಳಿಗೆ ಹೋಯಿತು. ಒಂದು ಮಗುವಿನ ಬುದ್ಧಿಮಟ್ಟ ಇಷ್ಟು ಎಂದು ಬರೆದುಕೊಟ್ಟರೆ ಅದರ ಶಾಲೆ, ಸೌಲಭ್ಯ, ಭವಿಷ್ಯವೆಲ್ಲ ಆ ಅಂಕಿಯನ್ನು ಹಿಂಬಾಲಿಸುತ್ತವೆ. ಹಾಗಾದರೆ ಆ ಪರೀಕ್ಷೆ ಮಾಡುವ ಅಧಿಕಾರ ಯಾರಿಗಿರಬೇಕು? ನೋಂದಣಿಯ ಪ್ರಶ್ನೆ ಹುಟ್ಟುವುದು ಇಲ್ಲಿ.

ಸಮಾಜಕಾರ್ಯದ ಶಿಕ್ಷಣ ಬಂದದ್ದು ಬೇರೆ ದಾರಿಯಿಂದ. ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ರಿಚರ್ಡ್ ಕ್ಯಾಬಟ್ 1905ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಸಮಾಜಕಾರ್ಯಕರ್ತರನ್ನು ಕರೆತಂದರು. ರೋಗಿಯ ಬಡತನ ತಿಳಿಯದೆ ಕ್ಷಯಕ್ಕೆ ಮದ್ದು ಬರೆದು ಏನು ಫಲ ಎಂಬುದು ಅವರ ವಿಚಾರ. ಮೊದಲನೆಯ ಮಹಾಯುದ್ಧದಿಂದ ಮನಸ್ಸು ಕದಡಿ ಮರಳುತ್ತಿದ್ದ ಸೈನಿಕರ ಸಲುವಾಗಿ 1918ರಲ್ಲಿ ಸ್ಮಿತ್ ಕಾಲೇಜು ಮನೋವೈದ್ಯಕೀಯ ಸಮಾಜಕಾರ್ಯದ ತರಬೇತಿ ಆರಂಭಿಸಿತು. ಭಾರತದಲ್ಲಿ 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್‌ಜಿ ಟಾಟಾ ಸಮಾಜಕಾರ್ಯ ಶಾಲೆ ತೆರೆಯಿತು. ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ ಅದೇ. 1946ರಲ್ಲಿ ಅಲ್ಲಿನ ಜೆ.ಜೆ. ಆಸ್ಪತ್ರೆ ವೈದ್ಯಕೀಯ ಸಮಾಜಕಾರ್ಯಕರ್ತರನ್ನು ನೇಮಿಸಿಕೊಂಡಿತು. ದಾನಧರ್ಮ, ಪರೋಪಕಾರ ಎಂದಷ್ಟೇ ತಿಳಿದಿದ್ದ ಕೆಲಸ ಸಂಬಳದ ವೃತ್ತಿಯಾದದ್ದು ಹೀಗೆ. ಒಳ್ಳೆಯ ಮನಸ್ಸಿದ್ದರೆ ಸಾಕು, ಓದು ಯಾಕೆ ಎಂಬ ಮಾತು ಮಾತ್ರ ಈಗಲೂ ಕೇಳಿಬರುತ್ತದೆ.

ಅದೇ 1946ರಲ್ಲಿ ಭೋರ್ ಸಮಿತಿಯ ವರದಿ ಹೊರಬಂತು. ಇಡೀ ಅವಿಭಜಿತ ಭಾರತದ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದದ್ದು ಸುಮಾರು 10,000 ಹಾಸಿಗೆಗಳು ಮಾತ್ರ. ಕಟ್ಟಡ ಕಟ್ಟಿದರೂ ಅಲ್ಲಿ ಕೆಲಸ ಮಾಡಲು ತರಬೇತಾದವರು ಎಲ್ಲಿದ್ದರು? ಈ ಕೊರತೆ ನೀಗಿಸಲೆಂದು 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. (ಮೈಸೂರಿನ ಗೋಪಾಲಸ್ವಾಮಿ, ಬೆಂಗಳೂರಿನ ಗೋವಿಂದಸ್ವಾಮಿ: ಇನಿಷಿಯಲ್ಸ್ ಕೂಡ ಒಂದೇ ಆದ್ದರಿಂದ ಪರೀಕ್ಷೆಯಲ್ಲಿ ಎಚ್ಚರ!) ಎರಡೂ ಸಂಸ್ಥೆಗಳು 1974ರಲ್ಲಿ ಒಂದಾಗಿ ನಮಗೆಲ್ಲ ಪರಿಚಿತವಾದ ನಿಮ್ಹಾನ್ಸ್ ಆಯಿತು.

ಈ ಸಂಸ್ಥೆ 1955ರಲ್ಲಿ ಮನೋವೈದ್ಯರಿಗೆ ಒಂದು ಡಿಪ್ಲೊಮಾ, ಮನಶ್ಶಾಸ್ತ್ರಜ್ಞರಿಗೆ ಇನ್ನೊಂದು ಡಿಪ್ಲೊಮಾ ಆರಂಭಿಸಿತು. ಎರಡನೆಯದರ ವಿಶೇಷವನ್ನು ಗಮನಿಸಬೇಕು. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರನ್ನೇ ಸೇರಿಸಿಕೊಂಡು, ಮತ್ತೆ ಎರಡು ವರ್ಷ ವಾರ್ಡಿನಲ್ಲಿ ರೋಗಿಗಳ ನಡುವೆ ಪಳಗಿಸುವ ವ್ಯವಸ್ಥೆ ಅದು. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ಅರ್ಥವಾದೀತು: ಪ್ರಯೋಗಶಾಲೆಗೆ ಕಾಲಿಡದೆ ರಸಾಯನಶಾಸ್ತ್ರ ಕಲಿತವನ ಕೈಗೆ ಆಮ್ಲದ ಬಾಟಲಿ ಕೊಡುತ್ತೇವೆಯೇ? ಖಿನ್ನತೆಯ ಲಕ್ಷಣಗಳನ್ನು ಪುಸ್ತಕದಿಂದ ಒಪ್ಪಿಸುವುದು ಒಂದು. ಎದುರಿಗೆ ಕುಳಿತ ಹುಡುಗಿ ಮಾತನಾಡದೆ ನೆಲ ನೋಡುತ್ತಿರುವಾಗ ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಇಂದು ಕೇಳಬಾರದು, ಜೀವಕ್ಕೆ ಅಪಾಯವಿದೆಯೆಂದು ಕಂಡರೆ ಯಾವ ಗಳಿಗೆಯಲ್ಲಿ ಮನೋವೈದ್ಯರನ್ನು ಕರೆಯಬೇಕು ಎಂಬುದು ಇನ್ನೊಂದು. ಎರಡನೆಯದನ್ನು ಹಿರಿಯರು ಪಕ್ಕದಲ್ಲಿದ್ದು ತಿದ್ದಬೇಕು. ಮನೋವೈದ್ಯಕೀಯ ಸಮಾಜಕಾರ್ಯಕ್ಕೂ ಇದೇ ಮಾದರಿ ಬಂತು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಎರಡು ವರ್ಷದ ತರಬೇತಿ. ಡಿಪ್ಲೊಮಾಗಳು ಮುಂದೆ ಎಂ.ಫಿಲ್. ಎಂಬ ಹೆಸರು ಪಡೆದವು. ಆ ಹೆಸರು ಬದಲಾವಣೆ ಆಗ ಬಡ್ತಿಯಂತೆ ಕಂಡಿತು. ಅದರಿಂದ ಹುಟ್ಟಿದ ಫಜೀತಿಗೆ ಆಮೇಲೆ ಬರುತ್ತೇನೆ.

ತರಬೇತಿ ಬಂತು, ಆದರೆ ಕಾನೂನು? ಅಮೆರಿಕದಲ್ಲಿ ಕನೆಕ್ಟಿಕಟ್ ರಾಜ್ಯ ಮನಶ್ಶಾಸ್ತ್ರಜ್ಞರಿಗೆ, ಕ್ಯಾಲಿಫೋರ್ನಿಯ ಸಮಾಜಕಾರ್ಯಕರ್ತರಿಗೆ 1945ರಲ್ಲೇ ಕಾಯಿದೆ ಮಾಡಿದ್ದವು. ಅಲ್ಲಿ ಪರವಾನಗಿ ರಾಜ್ಯಗಳ ಅಧಿಕಾರ. ಕ್ಲಿನಿಕಲ್ ಸಮಾಜಕಾರ್ಯಕರ್ತರಾಗಲು ಸ್ನಾತಕೋತ್ತರ ಪದವಿಯ ನಂತರ ಹಿರಿಯರ ಮೇಲ್ವಿಚಾರಣೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ವರ್ಷ ದುಡಿದು, ಪರೀಕ್ಷೆಯೊಂದನ್ನು ದಾಟಬೇಕು. ನಮ್ಮಲ್ಲಿ ಕಾಯಿದೆ ಬಂದದ್ದು 1992ರಲ್ಲಿ, ಅದೂ ಪಕ್ಕದ ಬಾಗಿಲಿನಿಂದ. ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆ ಮುಖ್ಯವಾಗಿ ಅಂಗವಿಕಲರ ಸೇವೆಗಾಗಿ ರೂಪುಗೊಂಡದ್ದು. ಶ್ರವಣ ತಜ್ಞರು, ವಿಶೇಷ ಶಿಕ್ಷಕರು ಮುಂತಾದವರ ಪಟ್ಟಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟರ ಹೆಸರೂ ಸೇರಿತು. ನೋಂದಣಿಯಿಲ್ಲದೆ ವೃತ್ತಿ ನಡೆಸಿದವರಿಗೆ ಆ ಕಾಯಿದೆ ಬರೆದ ಶಿಕ್ಷೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಂದು ಒಂದು ಗಂಟೆಯ ಮಾತಿಗೆ ಅದಕ್ಕಿಂತ ಹೆಚ್ಚು ಶುಲ್ಕ ಪಡೆಯುವವರಿದ್ದಾರೆ!

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ 29ರಂದು ಜಾರಿಗೆ ಬಂತು. ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು, ಮನೋವೈದ್ಯಕೀಯ ಸಮಾಜಕಾರ್ಯಕರ್ತ ಯಾರು ಎಂದು ಅದು ಬಿಡಿಸಿ ಬರೆಯಿತು. ಇವರನ್ನು ನೋಂದಾಯಿಸಿ ಪಟ್ಟಿ ಪ್ರಕಟಿಸುವ ಹೊಣೆಯನ್ನು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ವಹಿಸಿತು. ಆ ವ್ಯಾಖ್ಯೆಗಳಲ್ಲಿ ಎರಡು ವರ್ಷದ ಎಂ.ಫಿಲ್. ಎಂಬ ಪದ ಗಟ್ಟಿಯಾಗಿ ಕುಳಿತಿದೆ. ಆದರೆ 2022ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ ಎಂ.ಫಿಲ್. ಪದವಿಯನ್ನೇ ರದ್ದುಗೊಳಿಸಿತು! ಸಾಹಿತ್ಯದ ಎಂ.ಫಿಲ್. ಸಂಶೋಧನೆಯ ಮೆಟ್ಟಿಲು, ಇವರ ಎಂ.ಫಿಲ್. ವಾರ್ಡಿನ ತರಬೇತಿ. ಒಂದೇ ಹೆಸರಿನ ಕಾರಣಕ್ಕೆ ಎರಡಕ್ಕೂ ಒಂದೇ ಕತ್ತರಿ ಬಿತ್ತು. ಆಕ್ಷೇಪಗಳ ನಂತರ ಈ ಎರಡು ಕೋರ್ಸುಗಳಿಗೆ 2025-26ರವರೆಗೆ ಕಾಲಾವಕಾಶ ದೊರೆಯಿತು. ಹೆಸರು ಏನೇ ಇರಲಿ, ಹಿರಿಯರ ಕೈಕೆಳಗಿನ ಆ ಎರಡು ವರ್ಷಗಳು ಉಳಿಯಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಉಳಿದ ಸೈಕಾಲಜಿಸ್ಟರು, ಆಪ್ತಸಮಾಲೋಚಕರು? ಬಹುಕಾಲ ಇವರಿಗೆ ಹೇಳಿಕೊಳ್ಳುವಂಥ ಕಾಯಿದೆಯೇ ಇರಲಿಲ್ಲ. 2021ರ ರಾಷ್ಟ್ರೀಯ ಸಂಬಂಧಿತ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗದ ಕಾಯಿದೆ ತನ್ನ ಅನುಸೂಚಿಯಲ್ಲಿ ಇವರನ್ನೂ, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನೂ ಸೇರಿಸಿತು. ಪುನರ್ವಸತಿ ಪರಿಷತ್ತಿನ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಮಾತ್ರ ಹೊರಗಿಟ್ಟಿತು. ಹೀಗೆ ಒಂದೇ ವಾರ್ಡಿನಲ್ಲಿ ಅಕ್ಕಪಕ್ಕ ಕೂರುವ ಇಬ್ಬರು ಎರಡು ಬೇರೆ ಸಂಸ್ಥೆಗಳ ಅಡಿಯಲ್ಲಿ ಬರುತ್ತಾರೆ.

ಇದರ ನಡುವೆ ರೋಗಿಗಳೇನೂ ಕಾಯುತ್ತಾ ಕೂತಿಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇಕಡಾ 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಚಿಕಿತ್ಸೆ ಪಡೆದವರಿಗಿಂತ ಪಡೆಯದವರೇ ಬಹಳ. ನಿಯಮ ಬಿಗಿಯಾದರೆ ಚಿಕಿತ್ಸಕರು ಕಡಿಮೆಯಾಗುತ್ತಾರೆ, ಸಡಿಲವಾದರೆ ಫಲಕ ಹಾಕಿಕೊಂಡವರೆಲ್ಲ ಚಿಕಿತ್ಸಕರಾಗುತ್ತಾರೆ. ಪಿಯುಸಿ ಮುಗಿಸಿ ಮನಶ್ಶಾಸ್ತ್ರ ಅಥವಾ ಸಮಾಜಕಾರ್ಯ ಓದಬೇಕೆಂದಿರುವ ವಿದ್ಯಾರ್ಥಿಗಳು ಕಾಲೇಜಿಗೆ ಅರ್ಜಿ ಹಾಕುವ ಮುನ್ನ, ಆ ಕೋರ್ಸಿಗೆ ಯಾವ ಪರಿಷತ್ತಿನ ಮನ್ನಣೆಯಿದೆ, ಅದರಲ್ಲಿ ಆಸ್ಪತ್ರೆಯ ತರಬೇತಿ ಎಷ್ಟು ತಿಂಗಳು ಎಂಬ ಎರಡು ಪ್ರಶ್ನೆಗಳನ್ನು ಬರವಣಿಗೆಯಲ್ಲೇ ಕೇಳಿ ಉತ್ತರ ಪಡೆಯಿರಿ. ಚಿಕಿತ್ಸೆಗೆ ಹೋಗುವವರು ತಮ್ಮ ಕ್ಲಿನಿಕಲ್ ಸೈಕಾಲಜಿಸ್ಟರ ನೋಂದಣಿ ಸಂಖ್ಯೆಯನ್ನು ಧಾರಾಳವಾಗಿ ಕೇಳಬಹುದು. ಪುನರ್ವಸತಿ ಪರಿಷತ್ತಿನ ಕೇಂದ್ರ ನೋಂದಣಿ ಪುಸ್ತಕದಲ್ಲಿ ಅದು ಇರುತ್ತದೆ.