ವಿಲ್, ವುಡ್: ಪ್ರಶ್ನೆಯೊಳಗಿನ ವಿನಯ

ಇಂಗ್ಲಿಷಿನ ‘ವಿಲ್’ ಮೊದಲು ಕೇವಲ ಭವಿಷ್ಯತ್ಕಾಲದ ಚಿಹ್ನೆಯಾಗಿರಲಿಲ್ಲ. ಪ್ರಾಚೀನ ಇಂಗ್ಲಿಷಿನ ‘ವಿಲ್ಲನ್’ ಧಾತುವಿಗೆ ಇಚ್ಛಿಸು ಎಂದರ್ಥ. ಅದರ ಭೂತರೂಪವಾದ ‘ವೋಲ್ಡೆ’ಯೇ ಇಂದಿನ ‘ವುಡ್’.

1653ರಲ್ಲಿ ಜಾನ್ ವಾಲಿಸನು ಲ್ಯಾಟಿನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣವು ‘ಶಲ್’, ‘ವಿಲ್’ಗಳಿಗೆ ಪುರುಷಭೇದದಿಂದ ನಿಯಮವನ್ನು ವಿಧಿಸಿತು. ಪ್ರಶ್ನಾವಾಕ್ಯದಲ್ಲಿ ಆ ನಿಯಮವು ಬಹುಮಟ್ಟಿಗೆ ತಲೆಕೆಳಗಾಗುವುದೆಂದು 1762ರಲ್ಲಿ ರಾಬರ್ಟ್ ಲೌತನು ತಿಳಿಸಿದನು. ಹೇಳುವಾಗ ಇಚ್ಛೆಯು ವಕ್ತೃವಿನದು, ಕೇಳುವಾಗ ಶ್ರೋತೃವಿನದು.

‘ವಿಲ್ ಯು’ ಎಂಬ ಕೋರಿಕೆಯು ಆ ಇಚ್ಛೆಯನ್ನು ನೇರವಾಗಿ ಕೇಳುತ್ತದೆ. ‘ವುಡ್ ಯು’ ಎಂಬುದಾದರೋ ‘ಅನುಕೂಲವಿದ್ದರೆ’ ಎಂಬ ಮಾತನ್ನು ಒಳಗಿಟ್ಟುಕೊಂಡಿರುತ್ತದೆ. ಇಲ್ಲಿ ಭೂತರೂಪವು ಕಳೆದ ಕಾಲವನ್ನು ಸೂಚಿಸದೆ, ಕೇಳುವವನನ್ನು ಒಂದು ಹೆಜ್ಜೆ ಹಿಂದೆ ನಿಲ್ಲಿಸುತ್ತದೆ. ನಮ್ಮ ‘ಕೊಡುವಿರಾ’, ‘ಕೊಡಬಹುದೇ’ಗಳ ಅಂತರವೂ ಇದಕ್ಕೆ ಸಮೀಪವಾದುದೇ. ಒಲ್ಲೆನೆನ್ನಲು ಎಡೆಗೊಡುವ ಪ್ರಶ್ನೆಯೇ ವಿನಯದ ಪ್ರಶ್ನೆ.