ಕನ್ನಂಬಾಡಿಯ ತಳಪಾಯದಲ್ಲಿದ್ದ ವ್ಯಾಜ್ಯ

ಕೆ.ಆರ್.ಎಸ್. ಎಂದೊಡನೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಬೃಂದಾವನದ ಕಾರಂಜಿ. ಕಟ್ಟೆಯ ತಳಪಾಯದ ಅಗಲ ಎಷ್ಟಿರಬೇಕೆಂಬುದೇ ಒಂದು ಕಾಲಕ್ಕೆ ದೊಡ್ಡ ವ್ಯಾಜ್ಯವಾಗಿತ್ತು ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

1892ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನವು ಕಾವೇರಿಯಲ್ಲಿ ನೀರಾವರಿಗಾಗಿ ಹೊಸ ಜಲಾಶಯ ಕಟ್ಟಬೇಕಾದರೆ ಮದರಾಸು ಸರ್ಕಾರ ಮೊದಲು ಒಪ್ಪಬೇಕಿತ್ತು. 1910ರಲ್ಲಿ ಮೈಸೂರು ಎರಡು ಹಂತದಲ್ಲಿ 41.5 ಟಿಎಂಸಿ ನೀರು ನಿಲ್ಲಿಸುವ ಯೋಜನೆ ಮುಂದಿಟ್ಟಿತು. ವಿಶ್ವೇಶ್ವರಯ್ಯನವರು ಆಗ ಮುಖ್ಯ ಎಂಜಿನಿಯರ್. ಅವಸರಕ್ಕೆ ಕಾರಣ ಗದ್ದೆ ಮಾತ್ರವಲ್ಲ; 1902ರಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸುತ್ತಿದ್ದ ಶಿವನಸಮುದ್ರಕ್ಕೆ ಬೇಸಿಗೆಯಲ್ಲೂ ನೀರು ಬೇಕಿತ್ತು. ಮೆಟ್ಟೂರಿನಲ್ಲಿ ತನ್ನದೇ ಅಣೆಕಟ್ಟೆಯ ಯೋಚನೆಯಲ್ಲಿದ್ದ ಮದರಾಸು ಒಪ್ಪಲಿಲ್ಲ. ಕೊನೆಗೆ ಸಿಕ್ಕ ಅನುಮತಿ 11 ಟಿಎಂಸಿಗೆ ಮಾತ್ರ.

1911ರಲ್ಲಿ ಕೆಲಸ ಶುರುವಾಯಿತು. ಆದರೆ ಮೈಸೂರು ಹಾಕಿದ ತಳಪಾಯ ಪೂರ್ತಿ ಎತ್ತರದ ಕಟ್ಟೆಗೆ ತಕ್ಕದ್ದು! ಎಂಜಿನಿಯರನ ಕಣ್ಣಿಗೆ ಇದು ದೂರದೃಷ್ಟಿ. ಮದರಾಸಿನ ಕಣ್ಣಿಗೆ ಮಾತು ಮೀರಿದ ಕೆಲಸ. ಎರಡೂ ನಿಜವೆಂದೇ ನನಗೆ ಅನಿಸುತ್ತದೆ.

ಪ್ರಕರಣ ಮಧ್ಯಸ್ಥಿಕೆಗೆ ಹೋಯಿತು. ನ್ಯಾಯಾಧೀಶ ಗ್ರಿಫಿನ್ 1914ರಲ್ಲಿ ಕೊಟ್ಟ ತೀರ್ಪು ಮೈಸೂರಿಗೆ ಅನುಕೂಲವಾಗಿತ್ತು. ಮದರಾಸು ಬಿಡಲಿಲ್ಲ, 1919ರಲ್ಲಿ ಲಂಡನ್ನಿನಿಂದ ಆ ತೀರ್ಪು ತಳ್ಳಿಹೋಯಿತು. ಮತ್ತೆ ಮಾತುಕತೆ ನಡೆದು 1924ರ ಫೆಬ್ರವರಿ 18ರಂದು ಒಪ್ಪಂದವಾಯಿತು. ಕನ್ನಂಬಾಡಿಗೆ 44.827 ಟಿಎಂಸಿ, ಮೆಟ್ಟೂರಿಗೆ 93.5 ಟಿಎಂಸಿ. ಹೊಸ ನೀರಾವರಿ ಮೈಸೂರಿಗೆ 1,25,000 ಎಕರೆ, ಮದರಾಸಿಗೆ 3,01,000 ಎಕರೆ. ಈ ಅಂಕಿಗಳನ್ನು ನೋಡಿದರೆ ಅನ್ಯಾಯವೆನ್ನುವವರ ಸಂಕಟ ಅರ್ಥವಾಗುತ್ತದೆ. ಆದರೆ ಅನುಮತಿ ಸಿಕ್ಕಿದ್ದಕ್ಕಿಂತ ನಾಲ್ಕು ಪಟ್ಟು ದೊಡ್ಡ ಕಟ್ಟೆಯನ್ನು ಮೈಸೂರು ಪಡೆಯಿತೆಂಬುದನ್ನೂ ಮರೆಯಬಾರದು. ಆ ಅಗಲದ ತಳಪಾಯ ವ್ಯರ್ಥವಾಗಲಿಲ್ಲ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಒಪ್ಪಂದದ ಅನುಬಂಧ. ಕನ್ನಂಬಾಡಿಯಲ್ಲಿ ನೀರು ಹಿಡಿದಿಡುವ ಮುನ್ನ, ದೂರದ ತಿರುಚಿನಾಪಳ್ಳಿಯ ಬಳಿಯ ಮೇಲಣೆಕಟ್ಟಿನ ಅಳತೆಗೋಲಿನಲ್ಲಿ ಇಂತಿಷ್ಟು ನೀರು ಕಾಣಬೇಕು: ಜೂನ್‌ನಲ್ಲಿ 6.5 ಅಡಿ, ಜುಲೈನಿಂದ ಸೆಪ್ಟೆಂಬರ್‌ವರೆಗೆ 7 ಅಡಿ, ಜನವರಿಯಲ್ಲಿ 3 ಅಡಿ. ತಿಂಗಳು ತಿಂಗಳಿಗೂ ಲೆಕ್ಕ ಹಾಕಿದವರು, ಮಳೆಯೇ ಕೈಕೊಟ್ಟ ವರ್ಷ ಕೊರತೆಯನ್ನು ಹಂಚಿಕೊಳ್ಳುವುದು ಹೇಗೆಂದು ಬರೆಯಲಿಲ್ಲ.

ಆ ಜಾಗ ಇಂದಿಗೂ ಸರಿಯಾಗಿ ತುಂಬಿಲ್ಲ. 1990ರಲ್ಲಿ ನೇಮಕವಾದ ನ್ಯಾಯಮಂಡಳಿ 2007ರಲ್ಲಿ ಅಂತಿಮ ತೀರ್ಪು ಕೊಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿ, ತಮಿಳುನಾಡಿನ ಪಾಲನ್ನು 404.25ಕ್ಕೆ ಇಳಿಸಿತು. ಬರದ ವರ್ಷದಲ್ಲಿ ಎಲ್ಲರ ಪಾಲನ್ನೂ ಪ್ರಮಾಣಾನುಸಾರ ಕಡಿಮೆ ಮಾಡಬೇಕೆಂಬ ಮಾತಿದೆ. ಯಾವ ತಿಂಗಳು, ಎಷ್ಟು ಎಂಬುದು ಮಾತ್ರ ಪ್ರತಿ ಸಲವೂ ಹೊಸ ಜಗಳ. 2023ರ ಮುಂಗಾರು ಕೈಕೊಟ್ಟಾಗ ಮಂಡ್ಯದ ರೈತರು ರಸ್ತೆಗಿಳಿದರು. ಅದೇ ಹೊತ್ತಿಗೆ ತಂಜಾವೂರು ಸೀಮೆಯಲ್ಲಿ ಕುರುವೈ ಭತ್ತ ಒಣಗುತ್ತಿತ್ತು.